ಬೇಸಿಗೆಯಲ್ಲಿ ಸವೆಯುವ ಬ್ಯಾಟರಿ, ಮಳೆಗಾಲದಲ್ಲಿ ಮೂಕವಾಗುವ ಫೋನ್

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಸದಸ್ಯರು ವರ್ಷ ವರ್ಷವೂ ಹೇಳುವ ದೂರೊಂದಿದೆ. ರಾಯದುರ್ಗ, ಆದವಾನಿ, ನಾರಾಯಣಪೇಟೆ ಕಡೆಯವರದೂ ಅದೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟು ಹೋದರೂ ಫೋನ್ ಹೇಗೋ ನಡೆಯುತ್ತದೆ. ರೋಹಿಣಿ ಮಳೆಯೋ ಮಿರಗದ ಮಳೆಯೋ ಗಾಳಿಯೊಂದಿಗೆ ಬಂದು ಕಂಬ ಉರುಳಿಸಿದ ರಾತ್ರಿ ಮಾತ್ರ ಗಂಟೆ, ಎರಡು ಗಂಟೆಯಲ್ಲಿ ಸಿಗ್ನಲ್ ಮಾಯವಾಗುತ್ತದೆ. ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡವರಿದ್ದರೆ, ಎದೆನೋವಿನ ಹಿರಿಯರಿದ್ದರೆ, ಅಂಥ ರಾತ್ರಿಯೇ ಫೋನ್ ಬೇಕಾಗುವುದು. ಮಾಳಿಗೆ ಹತ್ತಿ ಫೋನ್ ಎತ್ತಿ ಹಿಡಿದು ನಿಂತವರು ನಮ್ಮಲ್ಲೂ ಇದ್ದಾರೆ.

ಮಳೆಗೆ ಟವರ್ ಕೆಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ಕೆಟ್ಟದ್ದು ಮಳೆಗಲ್ಲ, ಅದಕ್ಕೂ ಮುಂಚಿನ ಬಿಸಿಲಿಗೆ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆಯೊಳಗೆ, ಟವರಿನ ಬುಡದಲ್ಲಿ ಇರುವ ಬ್ಯಾಟರಿ ಬೇಸಿಗೆಯುದ್ದಕ್ಕೂ ಒಳಗೊಳಗೇ ಸವೆದಿರುತ್ತದೆ. ಆ ಸವೆತ ಬೇಸಿಗೆಯಲ್ಲಿ ಕಾಣುವುದಿಲ್ಲ. ಇದು ಹೇಗೆ ಆಗುತ್ತದೆ, ತಡೆಯಲು ಏನು ಮಾಡುತ್ತಾರೆ, ಊರಿನವರಾಗಿ ನಾವೇನು ಮಾಡಬಹುದು ಎಂಬುದನ್ನು ಈ ಬರಹದಲ್ಲಿ ಒಂದೆಡೆ ತಂದಿದ್ದೇವೆ. ಮನೆಯಲ್ಲಿ ಇನ್ವರ್ಟರ್ ಇಟ್ಟವರಿಗೂ ಇದು ಉಪಯೋಗಕ್ಕೆ ಬಂದೀತು.

ಕೋಣೆಯಿಂದ ಬೀದಿಗೆ ಬಂದ ಬ್ಯಾಟರಿ

ಹಳೆಯ ತಂತಿ ಫೋನಿನ ಕಾಲ ನೆನಪಿರುವವರಿಗೆ ಇದೂ ನೆನಪಿರುತ್ತದೆ: ಮನೆಯಲ್ಲಿ ಕರೆಂಟು ಹೋದರೂ ಫೋನ್ ಮಾತನಾಡುತ್ತಿತ್ತು. ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಅದೇ ತಂತಿಯಲ್ಲಿ ಬರುತ್ತಿತ್ತು. ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ದೊಡ್ಡ ದೊಡ್ಡ ಸೆಲ್ಲುಗಳ ಸಾಲು ಇರುತ್ತಿತ್ತು. ಮೇಲೆ ಗಟ್ಟಿ ಚಾವಣಿ, ಗಾಳಿಯಾಡುವ ಕಿಟಕಿ, ನೋಡಿಕೊಳ್ಳಲು ಒಬ್ಬ ಮನುಷ್ಯ.

ಈಗ ಎಕ್ಸ್‌ಚೇಂಜಿನ ಕೆಲಸ ನೂರಾರು ಸಣ್ಣ ಪೆಟ್ಟಿಗೆಗಳಿಗೆ ಹಂಚಿಹೋಗಿದೆ. ಮೊಬೈಲ್ ಟವರಿನ ಬುಡದಲ್ಲಿ ಒಂದು, ಫೈಬರ್ ಹಂಚುವ ಕಡೆ ಒಂದು, ಬಸ್ ನಿಲ್ದಾಣದ ಮೂಲೆಯಲ್ಲಿ ಒಂದು. ಪ್ರತಿಯೊಂದರಲ್ಲೂ ಹೊರಗಿನ ಕರೆಂಟನ್ನು 48 ವೋಲ್ಟಿಗೆ ಇಳಿಸುವ ರೆಕ್ಟಿಫೈಯರ್ ಇದೆ, ಕರೆಂಟು ಹೋದಾಗ ಕೈಹಿಡಿಯುವ ಬ್ಯಾಟರಿ ಇದೆ. 48 ವೋಲ್ಟ್ ಎಂಬ ಲೆಕ್ಕ ಹಳೆಯ ಎಕ್ಸ್‌ಚೇಂಜಿನಿಂದಲೇ ಬಂದದ್ದು. 2 ವೋಲ್ಟಿನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48. ಲೆಕ್ಕ ಹಾಗೇ ಉಳಿಯಿತು, ಕೋಣೆ ಮಾತ್ರ ಹೋಯಿತು.

ಹವಾಮಾನ ಇಲಾಖೆ ಇಂದು 43 ಡಿಗ್ರಿ ಎಂದು ಹೇಳುವುದು ನೆರಳಿನ ಲೆಕ್ಕ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಇಟ್ಟ ತಾಪಮಾಪಕ ತೋರಿಸುವ ಅಂಕಿ ಅದು. ನಮ್ಮ ಟೆಲಿಫೋನ್ ಪೆಟ್ಟಿಗೆ ನಿಂತಿರುವುದು ಬಿಸಿಲಿನಲ್ಲಿ. ಶುಭ್ರ ಆಕಾಶದ ನಡು ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಅದರ ಮೇಲೆ ಒಳಗಿನ ಯಂತ್ರಗಳು ತಾವೇ ಕಾಯುತ್ತವೆ. ಹೀಗಾಗಿ ತಂಪಿನ ಏರ್ಪಾಡು ಸರಿಯಿಲ್ಲದ ಪೆಟ್ಟಿಗೆಯ ಒಳಗೆ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಯೋ ಅದಕ್ಕೂ ಮೇಲೋ ಹೆಚ್ಚಿರುವುದು ಸಾಮಾನ್ಯ.

ಹತ್ತು ಡಿಗ್ರಿಗೆ ಅರ್ಧ ಆಯುಷ್ಯ

ಟೆಲಿಫೋನ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಮಾಡಿದ ಬ್ಯಾಟರಿಯ ವಂಶವೇ ಇದು. ಈಗಿನದು ಮುಚ್ಚಿದ ಮಾದರಿ. ಇದರಲ್ಲಿ ಆಮ್ಲವನ್ನು ಗಾಜಿನ ನಾರಿನ ಚಾಪೆಗೆ ಹೀರಿಸಿರುತ್ತಾರೆ, ಇಲ್ಲವೇ ಜೆಲ್ ಮಾಡಿರುತ್ತಾರೆ. ಒಳಗೆ ಅನಿಲದ ಒತ್ತಡ ಹೆಚ್ಚಾದರೆ ಮಾತ್ರ ತೆರೆಯುವ ಸಣ್ಣ ವಾಲ್ವು ಇರುತ್ತದೆ. ನೀರು ಹಾಕುವ ಕೆಲಸವಿಲ್ಲ. ಹಾಕಬೇಕೆಂದರೂ ದಾರಿಯಿಲ್ಲ.

ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಚುರುಕಾಗುತ್ತವೆ ಎಂಬ ಸಂಬಂಧವನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರವಾಗಿ ಬರೆದರು. ಅದರಿಂದ ಬ್ಯಾಟರಿ ಕೆಲಸದವರು ಒಂದು ಕೈಲೆಕ್ಕ ಇಟ್ಟುಕೊಂಡಿದ್ದಾರೆ: ತಾಪಮಾನ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಬ್ಯಾಟರಿಯ ಲೆಕ್ಕಕ್ಕೆ ಆಧಾರ ಮಾಡಿಕೊಂಡ ತಾಪಮಾನ 27 ಡಿಗ್ರಿ. ಯುರೋಪಿನಲ್ಲಿ ಅದು 20, ಅಮೆರಿಕದಲ್ಲಿ 25. ಆದ್ದರಿಂದ ಹತ್ತು ವರ್ಷ ಬಾಳಿಕೆ ಎಂದು ಬರೆದಿದ್ದರೆ, ಎಷ್ಟು ಡಿಗ್ರಿಯಲ್ಲಿ ಎಂದು ಕೇಳಬೇಕು. 27 ಡಿಗ್ರಿಯಲ್ಲಿ ಹತ್ತು ವರ್ಷದ ಬ್ಯಾಟರಿ, ಸದಾ 37ರಲ್ಲಿದ್ದರೆ ಐದು ವರ್ಷ, ಸದಾ 47ರಲ್ಲಿದ್ದರೆ ಎರಡೂವರೆ ವರ್ಷ.

ಆದರೆ ವರ್ಷವಿಡೀ ಬೇಸಿಗೆ ಇರುವುದಿಲ್ಲವಲ್ಲ ಎಂದು ಕೇಳಬಹುದು. ಸರಿ, ಒಂದು ಲೆಕ್ಕ ಹಾಕೋಣ. ಪೆಟ್ಟಿಗೆಯೊಳಗೆ ಎಂಟು ತಿಂಗಳು ಸರಾಸರಿ 27 ಡಿಗ್ರಿ, ಬೇಸಿಗೆಯ ನಾಲ್ಕು ತಿಂಗಳು ಸರಾಸರಿ 47 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಆ ಎಂಟು ತಿಂಗಳಲ್ಲಿ ಬ್ಯಾಟರಿಗೆ ಎಂಟು ತಿಂಗಳೇ ವಯಸ್ಸಾಗುತ್ತದೆ. ಬೇಸಿಗೆಯಲ್ಲಿ ಅದು ನಾಲ್ಕು ಪಟ್ಟು ವೇಗವಾಗಿ ಮುಪ್ಪಾಗುವುದರಿಂದ, ನಾಲ್ಕು ತಿಂಗಳಲ್ಲಿ ಹದಿನಾರು ತಿಂಗಳ ವಯಸ್ಸಾಗುತ್ತದೆ. ಒಟ್ಟು ಒಂದು ವರ್ಷದಲ್ಲಿ ಎರಡು ವರ್ಷ. ಹತ್ತು ವರ್ಷದ ಬ್ಯಾಟರಿ ಐದಕ್ಕೆ ಮುಗಿಯಿತು. ಅದರ ಸವೆತದಲ್ಲಿ ಮೂರರಲ್ಲಿ ಎರಡು ಪಾಲು ಆ ನಾಲ್ಕು ತಿಂಗಳದ್ದೇ. ಬೇಸಿಗೆಯ ಪೆಟ್ಟಿಗೆಯನ್ನು 37 ಡಿಗ್ರಿಗೆ ಇಳಿಸಲು ಸಾಧ್ಯವಾದರೆ ಇದೇ ಬ್ಯಾಟರಿ ಏಳೂವರೆ ವರ್ಷ ಬರುತ್ತದೆ. ತಂಪಿಗೆ ಮಾಡುವ ಖರ್ಚು ಎಲ್ಲಿ ವಾಪಸಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಒಳಗೆ ಏನಾಗುತ್ತದೆ

ಬಿಸಿಯಿಂದ ಆಗುವ ಹಾನಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು, ಪ್ಲೇಟಿನ ಸವೆತ. ಧನ ಪ್ಲೇಟಿನ ಒಳಗಿರುವ ಸೀಸದ ಜಾಲರಿ ನಿಧಾನವಾಗಿ ತುಕ್ಕಿನಂತೆ ತಿನ್ನಲ್ಪಡುತ್ತದೆ. ಬಿಸಿಯಲ್ಲಿ ಇದು ಬೇಗ ಆಗುತ್ತದೆ. ಜಾಲರಿ ಉಬ್ಬಿ ಬಿರಿಯುತ್ತದೆ, ಅದಕ್ಕಂಟಿದ ಪದಾರ್ಥದ ಹಿಡಿತ ಸಡಿಲವಾಗುತ್ತದೆ.

ಎರಡನೆಯದು, ಒಣಗುವುದು. ಚಾರ್ಜ್ ಆಗುವಾಗ ಹುಟ್ಟುವ ಆಮ್ಲಜನಕ ಒಳಗೇ ಮತ್ತೆ ನೀರಾಗಬೇಕು. ಬಿಸಿ ಹೆಚ್ಚಾದರೆ ಅನಿಲ ಹೆಚ್ಚು ಹುಟ್ಟಿ ವಾಲ್ವಿನಿಂದ ಹೊರಹೋಗುತ್ತದೆ. ಹೋದ ನೀರು ಹೋಯಿತು, ಮರಳಿ ತುಂಬುವ ದಾರಿಯಿಲ್ಲ. ಚಾಪೆ ಒಣಗಿದಷ್ಟೂ ಸೆಲ್ಲಿನ ಶಕ್ತಿ ಕುಗ್ಗುತ್ತದೆ.

ಮೂರನೆಯದು ಅಪಾಯದ್ದು. ಚಾರ್ಜರ್ ಪ್ರತಿ ಸೆಲ್ಲಿಗೆ ಸುಮಾರು 2.25 ವೋಲ್ಟ್, ಅಂದರೆ 24 ಸೆಲ್ಲಿಗೆ 54 ವೋಲ್ಟ್ ಕೊಡುತ್ತಾ ಬ್ಯಾಟರಿಯನ್ನು ತುಂಬಿಟ್ಟಿರುತ್ತದೆ. ಬ್ಯಾಟರಿ ಬಿಸಿಯಾದಾಗಲೂ ಅಷ್ಟೇ ವೋಲ್ಟ್ ಕೊಟ್ಟರೆ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚು ಎಳೆದರೆ ಇನ್ನಷ್ಟು ಬಿಸಿಯಾಗುತ್ತದೆ, ಬಿಸಿಯಾದರೆ ಮತ್ತಷ್ಟು ಎಳೆಯುತ್ತದೆ. ಈ ಸುಳಿಗೆ ಸಿಕ್ಕ ಬ್ಯಾಟರಿಯ ಡಬ್ಬಿ ಮೆತ್ತಗಾಗಿ ಉಬ್ಬುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕೆಲವೊಮ್ಮೆ ಒಡೆದು ಬೆಂಕಿಗೂ ದಾರಿಯಾಗುತ್ತದೆ. ಇದನ್ನು ತಡೆಯಲು ಚಾರ್ಜರಿಗೆ ತಾಪ ಅಳೆಯುವ ತಂತಿಯೊಂದನ್ನು ಬ್ಯಾಟರಿಗೆ ಅಂಟಿಸಿರುತ್ತಾರೆ. ಒಂದು ಡಿಗ್ರಿ ಏರಿದರೆ ಸೆಲ್ಲಿಗೆ ಸುಮಾರು 3 ಮಿಲಿವೋಲ್ಟಿನಂತೆ ಚಾರ್ಜರ್ ವೋಲ್ಟು ಇಳಿಸುತ್ತದೆ. 47 ಡಿಗ್ರಿಯಲ್ಲಿ 54 ಇದ್ದದ್ದು ಸುಮಾರು 52.5ಕ್ಕೆ ಬರುತ್ತದೆ. ಈ ಸಣ್ಣ ತಂತಿ ಕಳಚಿಬಿದ್ದಿದ್ದರೆ, ಅಥವಾ ಬ್ಯಾಟರಿ ಬಿಟ್ಟು ಪೆಟ್ಟಿಗೆಯ ಗೋಡೆಗೆ ನೇತಾಡುತ್ತಿದ್ದರೆ, ಉಳಿದ ಏರ್ಪಾಡೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಬಿಸಿಲು ಮುಚ್ಚಿಡುವ ಸುಳ್ಳು

ಇಷ್ಟೆಲ್ಲ ಆಗುತ್ತಿದ್ದರೆ ಬೇಸಿಗೆಯಲ್ಲೇ ಯಾಕೆ ಗೊತ್ತಾಗುವುದಿಲ್ಲ? ಬಿಸಿಯಲ್ಲಿ ಬ್ಯಾಟರಿ ಬೇಗ ಮುಪ್ಪಾದರೂ ಆ ಕ್ಷಣಕ್ಕೆ ಹೆಚ್ಚು ಶಕ್ತಿ ಕೊಡುತ್ತದೆ. 27 ಡಿಗ್ರಿಗಿಂತ ಪ್ರತಿ ಡಿಗ್ರಿ ಮೇಲಕ್ಕೆ ಸುಮಾರು ಅರ್ಧ ಶೇಕಡಾ ಹೆಚ್ಚು ಎಂದು ಹಿಡಿಯಬಹುದು. ಜ್ವರ ಬಂದವನ ಕೆನ್ನೆ ಕೆಂಪಾದಂತೆ ಇದು. ನೋಡಲು ಕಳೆ, ಒಳಗೆ ನಿತ್ರಾಣ.

ಒಂದು ಉದಾಹರಣೆ ನೋಡಿ. ಮೇ ತಿಂಗಳಲ್ಲಿ ಬ್ಯಾಟರಿ 42 ಡಿಗ್ರಿ ಇದ್ದಾಗ ಪರೀಕ್ಷೆ ಮಾಡಿದರು, ಹೊಸತರ ಶೇ. 85ರಷ್ಟು ಕೊಟ್ಟಿತು. ಪಾಸಾಯಿತು ಎಂದು ಬರೆದುಕೊಂಡರು. ಆದರೆ 15 ಡಿಗ್ರಿ ಹೆಚ್ಚು ಬಿಸಿಯಿಂದ ಬಂದ ಏಳೂವರೆ ಶೇಕಡಾ ಲಾಭವನ್ನು ತೆಗೆದು 27 ಡಿಗ್ರಿಗೆ ಲೆಕ್ಕ ಹಾಕಿದರೆ ಅದು ಶೇ. 79. ಶೇ. 80ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಬದಲಿಸಬೇಕು ಎಂಬುದು ಈ ಕ್ಷೇತ್ರದ ಒಪ್ಪಿತ ನಿಯಮ. ಅಲ್ಲಿಂದ ಮುಂದೆ ಇಳಿಕೆ ಬಹಳ ಬೇಗ ಆಗುತ್ತದೆ. ಮೇ ತಿಂಗಳಲ್ಲಿ ಪಾಸಾದದ್ದು ನಿಜವಾಗಿ ಫೇಲಾಗಿತ್ತು.

ಇನ್ನೊಂದು ಕಾರಣವೂ ಇದೆ. ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗುತ್ತದೆ, ಆದರೆ ಹೆಚ್ಚಾಗಿ ಗಂಟೆ, ಎರಡು ಗಂಟೆಗೆ ಬರುತ್ತದೆ. 10 ಆಂಪಿಯರ್ ಎಳೆಯುವ ಪೆಟ್ಟಿಗೆಗೆ 100 ಆಂಪಿಯರ್-ಅವರಿನ ಹೊಸ ಬ್ಯಾಟರಿ ಹತ್ತು ಗಂಟೆ ನಡೆಯುತ್ತದೆ. ಸವೆದು ಮೂರು ಗಂಟೆಗೆ ಇಳಿದಿದ್ದರೂ ಎರಡು ಗಂಟೆಯ ಲೋಡ್‌ಶೆಡ್ಡಿಂಗಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಬಿರುಗಾಳಿಗೆ ಕಂಬ ಬಿದ್ದು ಎಂಟು ಗಂಟೆ ಕರೆಂಟಿಲ್ಲವಾದಾಗ ನಿಜ ಹೊರಗೆ ಬರುತ್ತದೆ. ಅಷ್ಟರಲ್ಲಿ ಹವೆಯೂ ತಂಪಾಗಿ ಬಿಸಿಯ ಆ ಸ್ವಲ್ಪ ಲಾಭವೂ ಹೋಗಿರುತ್ತದೆ.

ವೋಲ್ಟ್‌ಮೀಟರ್ ಹಿಡಿದು ನೋಡಿದರೂ ಇದು ತಿಳಿಯದು. ಚಾರ್ಜರಿಗೆ ಅಂಟಿಕೊಂಡಿರುವ ಸತ್ತ ಬ್ಯಾಟರಿಯೂ 54 ತೋರಿಸಬಲ್ಲದು. ಪ್ರತಿ ಸೆಲ್ಲಿನ ಒಳ ಪ್ರತಿರೋಧವನ್ನು ಅಳೆದು ಹೊಸತಿದ್ದಾಗಿನ ಅಂಕಿಯೊಂದಿಗೆ ಹೋಲಿಸಬೇಕು. ಅದಕ್ಕಿಂತ ನಂಬಿಕೆಯದು, ನಿಜವಾದ ಹೊರೆ ಕೊಟ್ಟು ಎಷ್ಟು ಹೊತ್ತು ತಾಳುತ್ತದೆ ಎಂದು ನೋಡುವುದು, ಮತ್ತು ಬ್ಯಾಟರಿಯ ತಾಪಮಾನವನ್ನೂ ಜೊತೆಗೆ ಬರೆದಿಡುವುದು.

ಲಿಥಿಯಂ ಬಂದರೆ ಚಿಂತೆ ತೀರಿತೇ?

ಈಚೆಗೆ ಟವರುಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬರುತ್ತಿದೆ. ಸೀಸಕ್ಕಿಂತ ಹಗುರ, ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವುದನ್ನು ಹೆಚ್ಚು ಕಾಲ ತಡೆದುಕೊಳ್ಳುತ್ತದೆ, ಲಿಥಿಯಂ ಜಾತಿಗಳಲ್ಲಿ ಬಿಸಿಗೆ ಹೆಚ್ಚು ಸ್ಥಿರವಾದದ್ದು ಇದು. ಆದರೂ ಬಿಸಿಗೆ ಮುಪ್ಪಾಗುವುದು ಇದಕ್ಕೂ ತಪ್ಪಿದ್ದಲ್ಲ. ಜೊತೆಗೆ ಇದರಲ್ಲಿ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ತಾಪ ಮಿತಿ ಮೀರಿದರೆ ಅದು ಮೊದಲು ಚಾರ್ಜ್ ನಿಲ್ಲಿಸುತ್ತದೆ, ಇನ್ನೂ ಏರಿದರೆ ಬ್ಯಾಟರಿಯನ್ನೇ ಬೇರ್ಪಡಿಸುತ್ತದೆ. ಮಧ್ಯಾಹ್ನ ಕರೆಂಟಿದ್ದರೂ ತುಂಬಿಕೊಳ್ಳದ ಬ್ಯಾಟರಿ ಸಂಜೆ ಕರೆಂಟು ಹೋದಾಗ ಅರೆಹೊಟ್ಟೆಯಲ್ಲಿರುತ್ತದೆ. ಬ್ಯಾಟರಿಯ ಜಾತಿ ಬದಲಾದರೂ ಪೆಟ್ಟಿಗೆಯನ್ನು ತಂಪಿಡುವ ಕೆಲಸ ಉಳಿದೇ ಇದೆ.

ಪೆಟ್ಟಿಗೆಯನ್ನು ತಂಪಿಡುವ ದಾರಿಗಳು

ಎಲ್ಲಕ್ಕಿಂತ ಅಗ್ಗದ್ದು ಬಿಳಿ ಬಣ್ಣ ಮತ್ತು ನೆರಳು. ಕಪ್ಪಾದ ಮೈ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಬಿಳಿ ಮೈ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು ಕೂತು, ಜಾಹೀರಾತಿನ ಚೀಟಿ ಅಂಟಿ, ಬಣ್ಣ ಮಾಸಿದಷ್ಟೂ ಈ ಲಾಭ ಕಡಿಮೆ. ಎರಡು ಪದರದ ಗೋಡೆ ಮಾಡಿ ನಡುವೆ ಗಾಳಿ ಓಡಾಡಲು ಬಿಡುವುದು, ಮೇಲೆ ಇನ್ನೊಂದು ತಗಡಿನ ಮಾಡು ಹಾಕುವುದು, ಬ್ಯಾಟರಿಯನ್ನು ಯಂತ್ರಗಳಿಂದ ಬೇರ್ಪಡಿಸಿ ಕೆಳಗಿನ ಖಾನೆಯಲ್ಲಿಡುವುದು ಇವೂ ಕರೆಂಟು ಬೇಡದ ಉಪಾಯಗಳೇ.

ಫ್ಯಾನು ಹೆಚ್ಚಿನ ಪೆಟ್ಟಿಗೆಗಳಲ್ಲಿದೆ. ಅದು ಒಳಗನ್ನು ಹೊರಗಿನ ಗಾಳಿಯ ಮಟ್ಟಕ್ಕೆ ತರಬಲ್ಲದೇ ಹೊರತು ಅದಕ್ಕಿಂತ ತಂಪು ಮಾಡಲಾರದು. ಅದರ ಜರಡಿಗೆ ರಸ್ತೆಯ ಧೂಳು, ಜೋಳದ ರಾಶಿಯ ಹೊಟ್ಟು, ಹತ್ತಿಯ ನೂಲು ಕಟ್ಟಿಕೊಂಡರೆ ಫ್ಯಾನು ತಿರುಗಿದರೂ ಗಾಳಿ ಹೋಗದು. ಎಸಿ ಹಾಕಿದರೆ ತಂಪು ಹೆಚ್ಚು, ಆದರೆ ಹೊರಗಿನ ಕರೆಂಟಿನಿಂದ ನಡೆಯುವ ಎಸಿ ಕರೆಂಟು ಹೋದೊಡನೆ ನಿಲ್ಲುತ್ತದೆ. ಕೆಲವು ಕಡೆ ಬ್ಯಾಟರಿಯನ್ನು ನೆಲದಲ್ಲಿ ಹುಗಿಯುತ್ತಾರೆ. ಆಳದ ಮಣ್ಣಿನಲ್ಲಿ ಹಗಲಿನ ಕಾವು ತಟ್ಟುವುದಿಲ್ಲ, ನಮ್ಮ ಹಿರಿಯರ ಹಗೇವಿನಂತೆ. ಆದರೆ ಮಳೆನೀರು ನುಗ್ಗದಂತೆ ನೋಡಿಕೊಳ್ಳಬೇಕು.

ಕಳ್ಳತನದ ಕಾಟವೂ ಇಲ್ಲಿ ಸೇರಿಕೊಂಡಿದೆ. ಟವರಿನ ಬ್ಯಾಟರಿ ಕದಿಯುವವರ ಭಯಕ್ಕೆ ಅದನ್ನು ದಪ್ಪ ಕಬ್ಬಿಣದ ಪಂಜರದಲ್ಲೋ ಕಾಂಕ್ರೀಟಿನಲ್ಲೋ ಬಂಧಿಸುತ್ತಾರೆ. ಗಾಳಿಗೆ ದಾರಿ ಬಿಡದಿದ್ದರೆ ಕಳ್ಳನಿಂದ ಉಳಿದ ಬ್ಯಾಟರಿ ಬಿಸಿಗೆ ಹೋಗುತ್ತದೆ.

ನಮ್ಮ ಎಲ್ಲ ಗಡಿಗಳೂ ಒಂದೇ ಅಲ್ಲ

ನೀಲಗಿರಿಯ ನಮ್ಮವರಿಗೆ ಈ ಬಿಸಿಯ ಕಥೆ ದೂರದ್ದು. ಅಲ್ಲಿ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ, ಆದರೆ ಚಳಿಯ ರಾತ್ರಿ ಕಡಿಮೆ ಹೊತ್ತು ನಡೆಯುತ್ತದೆ. 10 ಡಿಗ್ರಿಯಲ್ಲಿ ಅದೇ ಬ್ಯಾಟರಿ ಎಂಟೊಂಬತ್ತು ಶೇಕಡಾ ಕಡಿಮೆ ಕೊಡುತ್ತದೆ. ಹೀಗಾಗಿ ಅಲ್ಲಿ ಸ್ವಲ್ಪ ದೊಡ್ಡ ಬ್ಯಾಟರಿ ಬೇಕು. ಕಾಸರಗೋಡು, ಗೋವಾದ ಕರಾವಳಿಯಲ್ಲಿ ಉಪ್ಪಿನ ಗಾಳಿ ಮತ್ತು ತೇವದ್ದೇ ತೊಂದರೆ. ಟರ್ಮಿನಲ್ ಕಿಲುಬು ಹಿಡಿದು ಜೋಡಣೆ ಸಡಿಲವಾಗಿ ಅಲ್ಲೇ ಕಾಯುತ್ತದೆ. ಒಂದೇ ಬ್ಯಾಟರಿ, ಒಂದೇ ವೇಳಾಪಟ್ಟಿ ಎಲ್ಲ ಊರಿಗೂ ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಊರಿನವರು ಮಾಡಬಹುದಾದದ್ದು

ಪೆಟ್ಟಿಗೆಯನ್ನು ತೆರೆಯುವುದು, ತಂತಿ ಮುಟ್ಟುವುದು ನಮ್ಮ ಕೆಲಸವಲ್ಲ. ಆದರೆ ಇಷ್ಟು ಮಾಡಬಹುದು.

• ಪೆಟ್ಟಿಗೆಯ ಗಾಳಿಕಿಂಡಿಗೆ ಒತ್ತಿ ಕಣಿಕೆ, ಕಟ್ಟಿಗೆ, ಚೀಲ ಒಟ್ಟಬಾರದು. ಹತ್ತಿರದಲ್ಲಿ ಕಸ ಸುಡಬಾರದು. ಚೀಟಿ, ಬ್ಯಾನರ್ ಅಂಟಿಸಬಾರದು.

• ಕೊಳೆತ ಮೊಟ್ಟೆಯ ವಾಸನೆ, ಉಬ್ಬಿದ ಡಬ್ಬಿ, ಸೋರಿಕೆ, ಹೊಗೆ ಕಂಡರೆ ದೂರ ಸರಿದು ಕಂಪನಿಗೆ ತಿಳಿಸಿ. ಬೀಡಿ, ಬೆಂಕಿ ಹತ್ತಿರ ತರಬೇಡಿ. ಒಳಗೆ ಹೈಡ್ರೋಜನ್ ಇರಬಹುದು, ಗಾಳಿಯಲ್ಲಿ ಅದು ಶೇ. 4 ಸೇರಿದರೂ ಹೊತ್ತಿಕೊಳ್ಳುತ್ತದೆ. ಬೆಂಕಿ ಕಂಡರೆ 112.

• ಕರೆಂಟು ಹೋದ ಗಂಟೆ, ಸಿಗ್ನಲ್ ಹೋದ ಗಂಟೆ ಎರಡನ್ನೂ ಬರೆದಿಡಿ. ಟವರ್ ಸರಿಯಿಲ್ಲ ಎನ್ನುವುದಕ್ಕಿಂತ, ಇಂಥ ದಿನ ಕರೆಂಟು ಹೋಗಿ 50 ನಿಮಿಷಕ್ಕೆ ಸಿಗ್ನಲ್ ಹೋಯಿತು, ಮೂರು ಸಲವೂ ಹೀಗೇ ಆಯಿತು ಎಂದರೆ ಅದು ಬ್ಯಾಟರಿಯ ದೂರು ಎಂದು ಇಂಜಿನಿಯರಿಗೆ ಅರ್ಥವಾಗುತ್ತದೆ. 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮೇ ಮುಗಿಯುವುದರೊಳಗೆ ಮಾಡಿದರೆ ಒಳ್ಳೆಯದು.

• ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತಿಗೆ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕ ಕರೆ ಹೋಗಬಲ್ಲದು. ಗಡಿಯ ಊರಿನಲ್ಲಿ ಪಕ್ಕದ ರಾಜ್ಯದ ಟವರ್ ಹಿಡಿದಿದ್ದರೆ ಕರೆ ಆ ರಾಜ್ಯಕ್ಕೆ ಹೋಗಬಹುದು. ಆದ್ದರಿಂದ ಮೊದಲ ಮಾತಿನಲ್ಲೇ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಹೇಳಿ.

• ಮನೆಯಲ್ಲಿ ಫೈಬರ್ ಫೋನ್ ಇದ್ದರೆ, ಕರೆಂಟು ಹೋದಾಗ ಮೋಡೆಮ್ ಕೂಡ ನಿಲ್ಲುತ್ತದೆ. ಅದಕ್ಕೊಂದು ಸಣ್ಣ ಬ್ಯಾಕಪ್ ಬೇಕು.

• ಮನೆಯ ಇನ್ವರ್ಟರ್ ಬ್ಯಾಟರಿಗೂ ಇದೇ ನಿಯಮ. ತಗಡಿನ ಮಾಡಿನ ಕೆಳಗೆ, ಪಡುವಣ ಬಿಸಿಲು ಬೀಳುವ ಮೆಟ್ಟಿಲ ಸಂದಿಯಲ್ಲಿ ಇಡಬೇಡಿ. ಗಾಳಿಯಾಡುವ ತಂಪು ಮೂಲೆಯಲ್ಲಿಡಿ. ನೀರು ಹಾಕುವ ಮಾದರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಂಗಡಿಗೇ ವಾಪಸ್ ಕೊಡಿ. ಹಳೆಯ ಬ್ಯಾಟರಿಗಳ ವಿಲೇವಾರಿಗೆ 2022ರ ನಿಯಮಗಳೇ ಇವೆ, ಸೀಸ ಮಕ್ಕಳ ಮೆದುಳಿಗೆ ವಿಷ.

ರೈತ ಬೇಸಿಗೆಯಲ್ಲೇ ಮಾಗಿ ಉಳುಮೆ ಮುಗಿಸಿ, ಬಾವಿಯ ಹೂಳು ತೆಗೆಸಿ ಮಳೆಗೆ ಸಿದ್ಧನಾಗುತ್ತಾನೆ. ಮಳೆ ಬಂದ ಮೇಲೆ ಆ ಕೆಲಸ ಆಗುವುದಿಲ್ಲ. ಟೆಲಿಫೋನ್ ಪೆಟ್ಟಿಗೆಯ ಬ್ಯಾಟರಿಯದೂ ಅದೇ ಲೆಕ್ಕ. ಬಿಸಿಲು ಅದನ್ನು ಎಷ್ಟು ತಿಂದಿದೆ ಎಂದು ರೋಹಿಣಿ ಮಳೆಗೆ ಮುಂಚೆಯೇ ನೋಡಬೇಕು. ನಿಮ್ಮ ಊರಿನಲ್ಲಿ ಕರೆಂಟು ಹೋದ ಮೇಲೆ ಫೋನ್ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಈ ಬೇಸಿಗೆಯಲ್ಲಿ ಗಮನಿಸಿ ನಮಗೆ ಬರೆದು ತಿಳಿಸಿ. ಊರೂರಿನ ಅಂಕಿಗಳು ಒಂದೆಡೆ ಸೇರಿದರೆ, ದೂರು ಕೊಡುವಾಗ ನಮ್ಮೆಲ್ಲರ ಮಾತಿಗೂ ತೂಕ ಬರುತ್ತದೆ.